ನೀಲಿ ಬೆಳಕಿನಲ್ಲಿ ಶಹನಾಜ್‌ಬಿಯ ಕೈ

ಔರಾದ ಕಡೆಯ ಒಂದು ಹೆರಿಗೆ ವಾರ್ಡಿಗೆ ಕೈ ತೊಳೆಯುವುದನ್ನು ಕಲಿಸಲು ಹೋಗಿದ್ದೆ. ನನ್ನ ಹತ್ತಿರ ನೀಲಿ ಬೆಳಕಿನ ಪೆಟ್ಟಿಗೆಯೊಂದಿದೆ. ಕೈಗೆ ಒಂದು ಕ್ರೀಮು ಹಚ್ಚಿ, ಸೋಪಿನಿಂದ ತೊಳೆದು ಅದರೊಳಗೆ ಇಟ್ಟರೆ, ತೊಳೆಯದೆ ಬಿಟ್ಟ ಜಾಗ ಹೊಳೆಯುತ್ತದೆ. ಮೊದಲು ನಾನೇ ಹಚ್ಚಿಕೊಂಡು ತೊಳೆದು ತೋರಿಸಿದೆ. ಪೆಟ್ಟಿಗೆಯೊಳಗೆ ಮಾತ್ರ ಇಡಲಿಲ್ಲ. ಕಲಿಸುವವಳ ಕೈ ಯಾರು ನೋಡುತ್ತಾರೆ. ನರ್ಸುಗಳ ಸರದಿ ಬಂದಾಗ ಎಲ್ಲರ ಹೆಬ್ಬೆರಳೂ ಹೊಳೆದವು. ಹಸಿಗೂಸು ಎತ್ತಿಕೊಳ್ಳುವ ಕೈಗಳು.

ಕೊನೆಗೆ ವಾರ್ಡಿನ ಆಯಾ ಶಹನಾಜ್‌ಬಿ ಕೈ ಇಟ್ಟರು. ಒಂದು ಚುಕ್ಕೆಯೂ ಇಲ್ಲ. ಪೆಟ್ಟಿಗೆಯೇ ಕೆಟ್ಟಿದೆಯೇನೋ ಎಂದು ಬೆಳಕು ಆರಿಸಿ ಮತ್ತೆ ಹೊತ್ತಿಸಿದೆ. ಆಗಲೂ ಇಲ್ಲ.

“ಹ್ಯಾಂಗ ತೊಳದ್ರಿ?” ಎಂದೆ.

“ದಿನಾ ಐದ ಸಲ ನಮಾಜಕ್ಕ ವಜೂ ಮಾಡ್ತೇನಲ್ರಿ. ಬೆರಳ ಸಂದ್ಯಾಗ ನೀರ ಹೋಗಬೇಕು, ಉಂಗುರ ತಿರುಗಿಸಿ ತೊಳೀಬೇಕು. ಸಣ್ಣಾಕಿ ಇದ್ದಾಗ ನಮ್ಮ ಅಮ್ಮಿ ಕಲಿಸ್ಯಾಳ್ರಿ.” ಆಮೇಲೆ ನನ್ನ ಬೆರಳು ನೋಡಿದರು. “ನಿಮ್ದೂ ಇಡ್ರಿ ಮೇಡಂ.”

ಇಟ್ಟೆ. ನನ್ನ ಉಂಗುರದ ಸುತ್ತ ಇನ್ನೊಂದು ಉಂಗುರ ಹೊಳೆಯುತ್ತಿತ್ತು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ಮರುದಿನ ಭಾಲ್ಕಿಯಲ್ಲಿ ಇದೇ ಪಾಠವಿತ್ತು. ಉಂಗುರ ಪರ್ಸಿನಲ್ಲಿತ್ತು. ಅಲ್ಲಿ ಮೊದಲು ಕ್ರೀಮು ಹಚ್ಚಿ ತೊಳೆದ ನನ್ನ ಕೈಯನ್ನೇ ಪೆಟ್ಟಿಗೆಯೊಳಗೆ ಇಟ್ಟು ನೋಡಿದೆ, ಯಾರೂ ಬರುವ ಮುಂಚೆ, ಬಾಗಿಲು ಹಾಕಿಕೊಂಡು.