ಬೆಸುಗೆ ಒಡೆದ ಗಂಗೆಯ ಗಿಂಡಿ

ಎಂಬತ್ತರ ದಶಕದ ನಡುವಿನ ಮಾತು. ವಿಮಾನ ಅಪಹರಣದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಲಕ್ಷ್ಮೇಶ್ವರದ ನಾವು ಚಹಾ ಕುಡಿಯುತ್ತ ಓದಿ, ನಮಗೇನಾಗಬೇಕಿದೆ ಎಂದು ಮಡಚಿಡುತ್ತಿದ್ದೆವು. ನಮ್ಮ ದೂರದ ಪ್ರಯಾಣವೆಂದರೆ ಗದಗಕ್ಕೆ ಹೋಗಿ ರೈಲು ಹಿಡಿಯುವುದು. ಗಂಟು, ಬುಟ್ಟಿ, ಉಪ್ಪಿನಕಾಯಿ ಭರಣಿ ಏನೇ ಒಯ್ದರೂ ಬಿಚ್ಚಿ ತೋರಿಸಿ ಎಂದವರಿಲ್ಲ.

ಅಪ್ಪ ಶಿರಹಟ್ಟಿ, ಬೆಳ್ಳಟ್ಟಿ ಕಡೆ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಆ ಸಲ ಮುಂಬಯಿಯಲ್ಲಿದ್ದ ಅಕ್ಕನ ಮನೆಗೆ ಒಬ್ಬರೇ ಹೋಗಿದ್ದರು. ಒಂದು ಮುಂಜಾನೆ ಎದುರು ಮನೆಯ ಅರಿವೆ ವ್ಯಾಪಾರಿ ಸಾಹೇಬರು ಓಡಿಬಂದರು. ಇಡೀ ಓಣಿಗೆ ಫೋನು ಇದ್ದದ್ದು ಅವರ ಮನೆಯಲ್ಲೇ. ನನ್ನನ್ನು ಕಟ್ಟೆಯ ಬದಿಗೆ ಕರೆದು, "ಮುಂಬೈದಿಂದ ಖಬರ ಬಂದೈತ್ರಿ. ಮಾಸ್ತರ್ರು ದವಾಖಾನಿಯಾಗ ಅದಾರಂತ, ಎದಿ ನೋವು ಜೋರ್ ಐತಂತ. ಇಮಾನದಾಗ ಜಲ್ದಿ ಬರ್ರಿ ಅಂದಾರ ನಿಮ್ಮ ಭಾವ. ಅವ್ವಾರಿಗೆ ಈಗ ಹೇಳಬ್ಯಾಡ್ರಿ" ಎಂದರು.

ಅವ್ವನ ಮುಂದೆ ನಾನು, "ಅಪ್ಪಗ ಸ್ವಲ್ಪ ಜ್ವರ ಬಂದಾವಂತ, ನಿನ್ನ ನೋಡಬೇಕಂತ, ವಿಮಾನದಾಗ ಹೋಗೂಣು" ಎಂದೆ. ಅವ್ವ ದೇವರ ಮನೆಯೊಳಗೆ ಹೋಗಿ ಬಂದು ಚೀಲ ಎತ್ತಿಕೊಂಡಳು. ಜ್ವರಕ್ಕೆ ವಿಮಾನ ಏಕೆಂದು ಆಕೆ ಕೇಳದಿದ್ದಾಗಲೇ ನನಗೆ ಹೊಳೆಯಬೇಕಿತ್ತು.

ಬಾಡಿಗೆ ಕಾರಿನಲ್ಲಿ ವಿಮಾನ ನಿಲ್ದಾಣ ಮುಟ್ಟಿದೆವು. ತಪಾಸಣೆಯ ಮೇಜಿನ ಹಿಂದಿದ್ದ ಪೊಲೀಸ ಅವ್ವನ ಚೀಲದೊಳಗೆ ಕೈ ಹಾಕಿದ. ಎರಡು ಸೀರೆ, ಕುಂಕುಮದ ಭರಣಿ, ಮೆಂತ್ಯದ ಹಿಟ್ಟಿನ ಡಬ್ಬಿ. ಕೊನೆಗೆ ಖಣದ ತುಂಡಿನಲ್ಲಿ ಸುತ್ತಿದ್ದ ಪುಟ್ಟ ತಾಮ್ರದ ಗಿಂಡಿ ಬಂತು. ಅಪ್ಪ ಕಾಶಿಯಿಂದ ತಂದದ್ದು. ಒಳಗೆ ಗಂಗಾಜಲ, ಬಾಯಿಗೆ ಬೆಸುಗೆ. ನಮ್ಮ ಮನೆಗಳಲ್ಲಿ ಇಂಥ ಗಿಂಡಿ ದೇವರ ಜಗುಲಿಯ ಮೂಲೆಯಲ್ಲಿ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಯಾರಾದರೂ ಕೊನೆಯುಸಿರು ಎಳೆಯುವಾಗ ಮಾತ್ರ ಬೆಸುಗೆ ಒಡೆದು ಬಾಯಿಗೆ ನೀರು ಬಿಡುತ್ತಾರೆ. ಅದಕ್ಕೆ ಮೊದಲು ಒಡೆದರೆ ಸಾವನ್ನು ನಾವೇ ಕರೆದಂತೆ. ಅವ್ವನಿಗೆ ಎಲ್ಲ ಗೊತ್ತಿದೆ ಎಂದು ನನಗೆ ತಿಳಿದದ್ದು ಆ ಮೇಜಿನ ಮುಂದೆ.

"ಇದರಾಗೇನೈತಿ?"

"ಗಂಗಿ ಅದಾಳರಿ" ಎಂದಳು ಅವ್ವ.

ಪೊಲೀಸ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ತೆರೆಯಲು ಮುಚ್ಚಳವೇ ಇಲ್ಲದ ಗಿಂಡಿಯೊಳಗೆ ಏನೋ ಗುಳುಗುಳು ಎಂದಿತು. ಅವನ ಮುಖ ಬಿಗಿಯಿತು. "ಒಡದು ತೋರಸ್ರಿ, ಇಲ್ಲಾಂದ್ರ ಇಲ್ಲೇ ಬಿಟ್ಟು ಹೋಗ್ರಿ."

"ಬ್ಯಾಡಪಾ. ಅವರು ಆರಾಮ ಆದ್ರಂದ್ರ ಇದನ್ನ ಹಿಂಗ ಮನಿಗೆ ವಾಪಸ್ ಒಯ್ತೀನಿ. ಚೀಲದಾಗ ಮುಚ್ಚಿಟ್ಟಿರ್ತೀನಿ. ಅವರಿಗೆ ತೋರಸೂದೂ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಯಾವ ಕಾನೂನಿನಾಗ ಬರದದರಿ ಇದು? ತೋರಸ್ರಿ ನೋಡೋಣ."

"ಕಾನೂನು ಕೇಳ್ಕೋತ ನಿಂತ್ರ ಇಮಾನ ಹೋಗತೈತ್ರಿ. ನಂದೂ ಡ್ಯೂಟಿ ಐತಿ."

ಹಿಂದಿನ ಸಾಲಿನಲ್ಲಿ ಯಾರೋ ಮುದುಕಿಯ ಹಟ ಎಂದು ಗೊಣಗಿದರು. ಟಿಕೆಟ್ ಕೊಂಡವನಿಗೆ ಏನೇನು ಕೇಳುವ ಹಕ್ಕಿದೆ, ಯಾರನ್ನು ಕೇಳಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಅವತ್ತು ಬೇರೆ ವಿಮಾನವೂ ಇರಲಿಲ್ಲ. ಕೊನೆಗೆ ಅವ್ವನೇ, "ಒಡೀಪಾ. ನಾ ಅವರನ್ನ ನೋಡಬೇಕು" ಎಂದಳು.

ಪೊಲೀಸ ಸ್ಕ್ರೂಡ್ರೈವರ್ ತಂದು ಬೆಸುಗೆ ಎಬ್ಬಿಸಿದ. ಮೂಸಿದ. ಅಂಗೈಗೆ ಒಂದು ಹನಿ ಹಾಕಿಕೊಂಡು, "ನೀರ ಐತಿ" ಎಂದು ಗಿಂಡಿಯನ್ನು ನಮ್ಮತ್ತ ಸರಿಸಿದ.

ಬಾಯಿಗೆ ಬಟ್ಟೆ ತುರುಕಿ ಚೀಲದಲ್ಲಿಡಲು ನೋಡಿದೆ. ಸೋರಿತು. ಗಂಗೆಯನ್ನು ಕಂಡಕಂಡಲ್ಲಿ ಚೆಲ್ಲುವ ಹಾಗಿಲ್ಲ. ದಾರಿಯುದ್ದಕ್ಕೂ ಅವ್ವ ಗಿಂಡಿಯ ಬಾಯಿಗೆ ಅಂಗೈ ಒತ್ತಿ ಹಿಡಿದು ಕೂತಳು. ನನ್ನ ಬದುಕಿನ ಮೊದಲ ವಿಮಾನ ಅದು. ಕಿಟಕಿಯಾಚೆ ಏನಿತ್ತೆಂದು ನೆನಪಿಲ್ಲ. ಕೊಟ್ಟ ಪೆಪ್ಪರಮಿಂಟು ಬಾಯಲ್ಲಿ ಕರಗಿದ್ದೂ ತಿಳಿಯಲಿಲ್ಲ.

ಈಗ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಕ್ಕುಗಳು ಎಂದು ಬೋರ್ಡು ತೂಗುಹಾಕುತ್ತಾರೆ. ನಾನು ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ. ಸಿಟ್ಟು ಬರುತ್ತದೇನೋ ಎಂದು ಕಾಯುತ್ತೇನೆ, ಬರುವುದಿಲ್ಲ.

ಅಪ್ಪ ಆ ವಾರ ಕಳೆಯುವುದರೊಳಗೆ ತೀರಿಕೊಂಡರು. ಎದೆಯ ರೋಗದಿಂದಲೇ ಎಂದರು ಡಾಕ್ಟರು. ನಾನೂ ಹಾಗೇ ನಂಬಿದ್ದೇನೆ. ಆದರೆ ನಾವು ಹೋದ ದಿನ ಅವರು ಚೇತರಿಸಿಕೊಂಡು ಮಾತಾಡುತ್ತಿದ್ದರು, ಭಯವಿಲ್ಲ ಎಂದು ಅದೇ ಡಾಕ್ಟರು ಹೇಳಿದ್ದರು. ಭಾವ ನಮ್ಮನ್ನು ನಿಲ್ದಾಣದಿಂದ ನೇರ ಆಸ್ಪತ್ರೆಗೇ ಕರೆತಂದಿದ್ದ; ಗಿಂಡಿ ಇನ್ನೂ ಅವ್ವನ ಕೈಯಲ್ಲೇ, ಸೆರಗಿನ ಮರೆಯಲ್ಲಿತ್ತು. ಅಪ್ಪ ಅವ್ವನನ್ನು ಕಂಡು ಮುಖ ಅರಳಿಸಿ, "ಸೆರಗಿನಾಗ ಏನದ?" ಎಂದರು.

ಅವ್ವ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ನೀರು ಜಿನುಗಿ ಸೆರಗು ತೊಯ್ದಿತ್ತು. ಅಪ್ಪ ಕೈಚಾಚಿ ಸೆರಗು ಸರಿಸಿದರು. ಗಿಂಡಿ ನೋಡಿದರು, ಅದರ ಬಾಯಿ ನೋಡಿದರು.

"ಒಡದ್ರೇನು?"

"ನಾವು ಒಡದಿಲ್ಲರಿ. ವಿಮಾನದ ಪೊಲೀಸರು ಒಡದಾರ" ಎಂದಳು ಅವ್ವ.

"ಖರೇನ ಅಪ್ಪಾ, ತಪಾಸಣಿ ಮಾಡೂಮುಂದ ಒಡದ್ರು" ಎಂದೆ ನಾನು. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು.

ಅಪ್ಪ ನಮ್ಮಿಬ್ಬರ ಮುಖ ನೋಡಿದರು. "ಆತು ಬಿಡ್ರಿ. ನನ್ನ ಮುಂದ ಯಾಕ ಸುಳ್ಳು?" ಎಂದು ಮೆಲ್ಲಗೆ ನಕ್ಕು, ಕಣ್ಣು ಮುಚ್ಚಿ, ಬಾಯಿ ತೆರೆದರು.