ಮೊಸಳೆ ಕುಲದ ಕೆಲಾಪಿಲೆ

ಮೊಲೆಪೊಲೊಲೆ ಎಂಬ ಊರಿನಲ್ಲಿ ಮದುವೆ ಎಂದರೆ ಗಂಡು, ಹೆಣ್ಣು, ಊಟಕ್ಕೆ ಹೋರಿ ಇದ್ದರಷ್ಟೇ ಸಾಲದು, ಮುದುಕ ಕೆಲಾಪಿಲೆಯೂ ಬೇಕು. ಹೋರಿ ಬಡಕಲಾಗಿದ್ದರೂ ಜನ ಸಹಿಸಿಕೊಂಡಾರು. ಆದರೆ ಕೆಲಾಪಿಲೆ ಎದ್ದು ನಿಂತು, ಕೋಲನ್ನು ನೆಲಕ್ಕೆ ಬಡಿದು, ಮೊಸಳೆಯ ಹೊಗಳಿಕೆ ಹೇಳದಿದ್ದರೆ ಅದೂ ಒಂದು ಮದುವೆಯೇ ಎಂದು ಗೊಣಗುತ್ತಲೇ ಮನೆಗೆ ಹೋಗುತ್ತಿದ್ದರು. ಊರಲ್ಲಿ ಬಹುಪಾಲು ಮೊಸಳೆ ಕುಲದವರು. ಬೆಳಿಗ್ಗೆ ಎದುರಾದರೆ ಹೆಸರು ಹಿಡಿಯುವುದಿಲ್ಲ, "ಏನ್ ಮೊಸಳೆ, ಚೆನ್ನಾಗಿದೀಯಾ?" ಎಂದೇ ಕೇಳುತ್ತಾರೆ. ಊರ ಹೊಳೆಯಲ್ಲಿ ಮಾತ್ರ ಮೇಕೆಯ ಗೊರಸು ನೆನೆಯುವಷ್ಟು ನೀರು ನಿಂತರೆ ಅದೇ ಹಬ್ಬ.

ಹೀಗಾಗಿ "ನೀರಿನ ದೊರೆ, ದಡ ನಡುಗಿಸುವವನು, ತಿನ್ನುವವನೇ ಹೊರತು ತುತ್ತಾಗದವನು!" ಎಂದು ಗಂಟಲು ಹರಿಯುವಂತೆ ಕೂಗುವ ಕೆಲಾಪಿಲೆ ಹಲ್ಲು ಉದುರುವ ವಯಸ್ಸಿಗೆ ಬಂದರೂ ಒಂದು ಮೊಸಳೆಯನ್ನೂ ಕಂಡಿರಲಿಲ್ಲ. ಅದಕ್ಕೆ ಯಾರೂ ಅವನನ್ನು ಆಡಿಕೊಳ್ಳುವಂತಿರಲಿಲ್ಲ. ಮೊಸಳೆ ಕುಲದವನು ಮೊಸಳೆಯನ್ನು ಕೊಲ್ಲಬಾರದು, ತಿನ್ನಬಾರದು, ಅದರ ಚರ್ಮ ಮುಟ್ಟಬಾರದು. ಕಣ್ಣೆತ್ತಿ ನೋಡಿದರೂ ಕಣ್ಣು ಕೆಂಡದಂತಾಗಿ ಊದಿಕೊಳ್ಳುತ್ತದೆ. ಹಿರಿಯರು ಎಷ್ಟೋ ಕಟ್ಟಳೆಗಳನ್ನು ಮಾಡಿಟ್ಟಿದ್ದಾರೆ. ಇಷ್ಟು ಅನುಕೂಲದ ಕಟ್ಟಳೆ ಕೆಲಾಪಿಲೆಯ ಪಾಲಿಗೆ ಇನ್ನೊಂದಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕು ಸುಖವಾಗಿ ಸಾಗುತ್ತಿತ್ತು. ಆದರೆ ಮನೆಯಲ್ಲಿ ಮಗನ ಮಗಳು ವಾಮೆ ಇದ್ದಳು. ತಾನು ಹರೆಯದಲ್ಲಿ ಲಿಂಪೊಪೊ ನದಿ ದಂಡೆಯ ತೋಟವೊಂದರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಾಗ ದೊಡ್ಡ ಮೊಸಳೆಯೊಂದು ದಾರಿಗೆ ಅಡ್ಡ ಬಂತು, ತಾನು ಟೊಪ್ಪಿಯಿಂದ ಕಣ್ಣು ಮುಚ್ಚಿಕೊಂಡು ಹೊಗಳಿಕೆ ಹೇಳಿದೆ, ಅದು ತನ್ನವನೆಂದು ಗುರುತಿಸಿ, ಬಾಯಿ ಮುಚ್ಚಿ, ಪಕ್ಕಕ್ಕೆ ಸರಿಯಿತು ಎಂದು ಅವಳಿಗೆ ಕಥೆ ಕಟ್ಟಿದ್ದ. ನಿಜವಾಗಿ ಅವನು ಕಂಡದ್ದು ನೀರಲ್ಲಿ ತೇಲಿಬಂದ ಮರದ ದಿಮ್ಮಿ. ಅದನ್ನು ಕಂಡದ್ದೇ ತಡ, ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಊರಿಗೆ ಓಡಿಬಂದಿದ್ದ. ಜಗತ್ತಿನಲ್ಲಿ ಆ ಕಥೆಯನ್ನು ಕೂದಲೆಳೆಯಷ್ಟೂ ಅನುಮಾನಿಸದೆ ನಂಬಿದ್ದವಳು ವಾಮೆ ಒಬ್ಬಳೇ. ಆ ನಂಬಿಕೆ ಅವನಿಗೆ ಮದುವೆ ಮನೆಯ ಎಲ್ಲ ಚಪ್ಪಾಳೆಗಿಂತ ಹೆಚ್ಚಿನದಾಗಿತ್ತು.

ಅವಳು ಕಥೆಯನ್ನು ತರಗತಿಯಲ್ಲೆಲ್ಲ ಹಂಚಿದಳು. ಒಂದು ಸಂಜೆ ಟೀಚರು ಮ್ಮಾ ಪುಲೆ ಮನೆಗೇ ಬಂದರು. ಉತ್ತರದ ಕಡೆಯವರು, ಆನೆ ಕುಲದವರು. ಅಲ್ಲಿ ಮರ್ಯಾದೆಗೆ ಹೆಂಗಸರನ್ನು ಮ್ಮಾ, ಗಂಡಸರನ್ನು ರ್ರಾ ಎನ್ನುತ್ತಾರೆ.

"ಕೆಲಾಪಿಲೆ ರ್ರಾ, ಮಕ್ಕಳನ್ನ ಹಾವು-ಮೊಸಳೆ ಪಾರ್ಕಿಗೆ ಕರ್ಕೊಂಡು ಹೋಗ್ತಿದೀವಿ. ನೀವೂ ಬರಬೇಕು. ಮೊಸಳೆ ಎದುರಿಗೇ ನಿಂತು ಹೊಗಳಿಕೆ ಹೇಳಬೇಕು."

"ಅಯ್ಯೋ, ನಾವು ನೋಡೋ ಹಾಗಿಲ್ಲವಲ್ಲ ತಾಯಿ. ಕುಲದ ಕಟ್ಟಳೆ."

"ನೋಡಬೇಡ ಅಜ್ಜ," ಎಂದಳು ವಾಮೆ. "ಲಿಂಪೊಪೊದಲ್ಲಿ ಮಾಡಿದ ಹಾಗೇ ಕಣ್ಣು ಮುಚ್ಕೊ. ಮೊಸಳೆಗೇ ನಿನ್ನ ಗುರುತು ಸಿಗುತ್ತೆ."

ಒಳಗಿನಿಂದ ಹೆಂಡತಿ ಬೊಂಟ್ಲೆ ಕೆಮ್ಮಿದಳು. ಅವಳ ತವರಿನದು ಕೋತಿ ಕುಲ. "ಹೋಗಿಬನ್ನಿ ಮೊಸಳೆಯವರೇ. ನಾವು ಕೋತಿಗಳಾದ್ರೂ ನಮ್ಮ ನೆಂಟರನ್ನ ದಿನಾ ಮರದ ಮೇಲೆ ನೋಡ್ತೀವಿ. ನೀವೂ ಒಂದ್ಸಲ ನೆಂಟರ ಮನೆಗೆ ಹೋಗಿ ಬರಬಾರದಾ?"

ಹೋಗದೆ ವಿಧಿಯಿರಲಿಲ್ಲ. ಅಳಿಯನ ಕಪ್ಪು ಕನ್ನಡಕ ಸಾಲ ತಂದು, ಕೋಲು ಹಿಡಿದು, ಶಾಲೆಯ ಬಸ್ಸು ಹತ್ತಿದ.

ಪಾರ್ಕಿನಲ್ಲಿ ಹಾವುಗಳು ಗಾಜಿನ ಹಿಂದೆ ಸುರುಳಿ ಸುತ್ತಿ ಮಲಗಿದ್ದವು. ಮಕ್ಕಳು ಗಾಜಿಗೆ ಮೂಗು ಒತ್ತಿ ಕಿರುಚಿದರು. ಉಡವನ್ನು ಕಂಡು ಕೆಲಾಪಿಲೆ ಪಂಡಿತನಂತೆ ತಲೆದೂಗಿದ, ಆಮೆಯ ಬೆನ್ನು ಸವರಿದ. ಮೊಸಳೆ ಕೊಳದ ಕಟ್ಟೆ ಬಂದದ್ದೇ ತಡ, ಕನ್ನಡಕ ಏರಿಸಿ, ಅದರೊಳಗೆ ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡ. ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಏನೋ ಒಂದು ಧೊಪ್ಪನೆ ನೀರಿಗೆ ಬಿತ್ತು. ಅವನು ಹೆದರಿಕೆಗೆ ಎಂದೂ ಹೇಳದಷ್ಟು ಎತ್ತರದ ದನಿಯಲ್ಲಿ ಹೊಗಳಿಕೆ ಶುರು ಮಾಡಿದ. ನಡುಗುವ ಮೊಣಕಾಲನ್ನು ಮಕ್ಕಳು ಕುಣಿತವೆಂದುಕೊಂಡರು.

"ಅದು ಅಲ್ಲಾಡ್ಲೇ ಇಲ್ಲ! ಕಣ್ಣೂ ಬಿಡಲಿಲ್ಲ!" ಎಂದ ಹುಡುಗನೊಬ್ಬ ನಿರಾಸೆಯಿಂದ.

"ಮಂಗ, ಅದು ಮರ್ಯಾದೆ," ಎಂದು ವಾಮೆ ಅವನನ್ನು ಗದರಿದಳು. "ದೊಡ್ಡೋರ ಎದುರಿಗೆ ಕಣ್ಣು ಬಿಟ್ಟು ನೋಡ್ತಾರಾ?"

ಹೀಗೆ ನೆಂಟರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಭೇಟಿ ಮುಗಿಸಿದರು. ಮ್ಮಾ ಪುಲೆ ಚಪ್ಪಾಳೆ ತಟ್ಟಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬಂತೆ ಕೆಲಾಪಿಲೆಗೆ ಒಮ್ಮೆಲೇ ಹಸಿವಾಯಿತು.

ಪಾರ್ಕಿನ ಹೋಟೆಲಿನ ಮರದ ನೆರಳಲ್ಲಿ ಅವನನ್ನು ಕೂರಿಸಿ, ಮ್ಮಾ ಪುಲೆ ಒಳಗೆ ಹೋಗಿ, "ನಮ್ಮ ಹಿರಿಯರಿಗೆ ನಿಮ್ಮಲ್ಲಿ ಯಾವುದು ವಿಶೇಷವೋ ಅದನ್ನೇ ಕೊಡಿ," ಎಂದು ಹೇಳಿ, ಮಕ್ಕಳನ್ನು ಎಣಿಸಲು ಓಡಿದರು. ಕಡ್ಡಿಗೆ ಚುಚ್ಚಿ ಸುಟ್ಟ ಬೆಳ್ಳನೆಯ ಮಾಂಸದ ತುಂಡುಗಳು ಬಂದವು. ಕನ್ನಡಕ ತೆಗೆಯದೆಯೇ ಅವನು ಬಾಯಿಗಿಟ್ಟ. ಎಷ್ಟು ಮೆತ್ತಗಿತ್ತು! ಕೋಳಿಯೇ, ಆದರೆ ಬೊಂಟ್ಲೆ ಬೇಯಿಸುವ ಕೋಳಿಯಂತೆ ಹಲ್ಲಿನೊಡನೆ ಜಗಳಕ್ಕೆ ನಿಲ್ಲುವುದಲ್ಲ. ಒಂದು ಕಡ್ಡಿ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಹಾಕಿದ.

ವಾಮೆ ಓಡಿಬಂದವಳು ಗಕ್ಕನೆ ನಿಂತಳು. ಅವನ ತಲೆಯ ಮೇಲೆ ಏನನ್ನೋ ನೋಡುತ್ತಿದ್ದಳು.

"ಅಜ್ಜ, ಏನ್ ತಿಂತಿದೀಯ?"

"ಕೋಳಿ ಕಣವ್ವ. ಬಾ, ನೀನೂ ತಿನ್ನು."

ಅವಳು ಬರಲಿಲ್ಲ. ಕೆಲಾಪಿಲೆ ಕನ್ನಡಕ ತೆಗೆದು ಹಿಂದೆ ತಿರುಗಿದ. ಬೆನ್ನ ಹಿಂದಿನ ಗೋಡೆಯಲ್ಲಿ ಅಡುಗೆಯವನ ಬಿಳಿ ಟೊಪ್ಪಿ ಹಾಕಿಕೊಂಡು, ಕೈಯಲ್ಲಿ ಅಂಥದೇ ಒಂದು ಕಡ್ಡಿ ಹಿಡಿದು ನಗುತ್ತಿದ್ದ ಹಸಿರು ಮೊಸಳೆಯ ಚಿತ್ರವಿತ್ತು. ಕೆಳಗೆ ತಮ್ಮ ಭಾಷೆಯಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು: ಇಲ್ಲಿನ ವಿಶೇಷ, ಮೊಸಳೆ ಬಾಲದ ಸುಟ್ಟ ಮಾಂಸ. ಜೀವಮಾನದಲ್ಲಿ ಅವನು ಕಣ್ಣು ಬಿಟ್ಟು ನೋಡಿದ ಮೊದಲ ಮೊಸಳೆ ಅದೇ.

ಬಾಯಲ್ಲಿದ್ದ ತುಂಡು ನುಂಗಲಾರದ, ಉಗುಳಲಾರದ ಬಿಸಿ ತುಪ್ಪವಾಯಿತು. ಉಗುಳಿದರೆ ಮಕ್ಕಳೆಲ್ಲ ನೋಡುತ್ತಾರೆ. ನುಂಗಿದರೆ ಸತ್ತ ಹಿರಿಯರೆಲ್ಲ ನೋಡುತ್ತಾರೆ. ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಕಣ್ಣನ್ನು ಅಷ್ಟು ಜೋಪಾನ ಮಾಡಿಕೊಂಡವನು ಬಾಯಿಗೆ ಕಾವಲಿಡುವುದನ್ನೇ ಮರೆತಿದ್ದ. ವಾಮೆ ತನ್ನ ಕರವಸ್ತ್ರವನ್ನು ಅವನ ಬಾಯಿಗೆ ಹಿಡಿದಳು. ಅವನು ಉಗುಳಿದ. ಅವಳು ಅದನ್ನು ಮಡಿಸಿ, ಉಳಿದ ಕಡ್ಡಿಗಳ ಜೊತೆಗೆ ಕಸದ ಡಬ್ಬಿಗೆ ಹಾಕಿ ಬಂದಳು.

"ಊಟ ಚೆನ್ನಾಗಿತ್ತಾ ರ್ರಾ?" ಎಂದು ಮ್ಮಾ ಪುಲೆಯ ಹಿಂದೆ ಬಂದ ಹುಡುಗನೊಬ್ಬ ಕೇಳಿದ.

"ಕೋಳಿ ಸ್ವಲ್ಪ ಸೀದು ಹೋಗಿತ್ತು," ಎಂದು ವಾಮೆಯೇ ಉತ್ತರ ಕೊಟ್ಟಳು. ಅವಳಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಯಾರಿಂದ ಕಲಿತಳೆಂದು ಕೇಳುವ ಧೈರ್ಯವೂ ಇರಲಿಲ್ಲ.

ಎಲ್ಲಿಗೆ ಹೋದರೂ ದಾರಿಯಲ್ಲಿ ಲಿಂಪೊಪೊ ಕಥೆ ಹೇಳೆಂದು ಪೀಡಿಸುವವಳು ಅಂದು ವಾಪಸು ಬರುವಾಗ ಕೇಳಲಿಲ್ಲ. ಕೆಲಾಪಿಲೆ ಕಿಟಕಿಗೆ ಮುಖ ಕೊಟ್ಟು ಕೂತ. ಗಾಳಿ, ಧೂಳು, ತಡೆದರೂ ನಿಲ್ಲದ ನೀರು ಎಲ್ಲ ಸೇರಿ ಮರುದಿನ ಅವನ ಕಣ್ಣು ಕೆಂಡದಂತಾಗಿ ಊದಿಕೊಂಡಿತು.

ಊರಿಗೆ ಊರೇ ನೋಡಲು ಬಂತು. "ನೋಡಿದ್ರಾ, ಎದುರಿಗೇ ನಿಂತಿದಾನೆ! ಕಟ್ಟಳೆ ಸುಳ್ಳಾಗುತ್ತಾ?" ಎಂದು ಮುದುಕರು ಹಣೆಗೆ ಕೈ ಮುಟ್ಟಿಸಿಕೊಂಡರು. ಅವನ ಕೀರ್ತಿ ಪಕ್ಕದೂರಿಗೂ ಹಬ್ಬಿತು. ಬೊಂಟ್ಲೆ ಮಾತ್ರ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಅವನ ಕಣ್ಣೊರೆಸುತ್ತಾ, "ಏನನ್ನ ನೋಡಿ ಬಂದ್ರಿ ಅಂತ ಹೇಳ್ತೀರೋ, ಇಲ್ವೋ?" ಎಂದಳು.

ತಿಂಗಳು ಕಳೆಯುವುದರೊಳಗೆ ಒಂದು ಮದುವೆ ಬಂತು. ಹಿಂದೆಂದೂ ಸೇರದಷ್ಟು ಜನ ಸೇರಿದ್ದರು. ಕೆಲಾಪಿಲೆ ಎದ್ದು ಕೋಲು ಬಡಿದ. ನೀರಿನ ದೊರೆ ಎಂದ, ದಡ ನಡುಗಿಸುವವನು ಎಂದ. "ತಿನ್ನುವವನೇ ಹೊರತು..." ಎಂದು ಎತ್ತಿದ ಕೋಲನ್ನು ಹಾಗೇ ಹಿಡಿದು ನಿಂತ. ಮುಂದಿನ ಮಾತು ಬರಲೊಲ್ಲದು. ಜನ ಉಸಿರು ಬಿಗಿಹಿಡಿದು ಕಾದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಂದು ಎಳೆಯ ದನಿ ನಾಲಿಗೆ ಹೊರಳಿಸಿ ಮದುವೆಯ ಸಂಭ್ರಮದ ಕೇಕೆ ಹಾಕಿತು, ವಾಮೆಯದು. ಹಿಂದೆಯೇ ಹೆಂಗಸರೆಲ್ಲ ಕೇಕೆ ಹಾಕಿದರು. ಆ ಗದ್ದಲದಲ್ಲಿ ಅವನು ಮಾತು ಮುಗಿಸಿದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಅವನು ಬೇಲಿಯ ಮಗ್ಗುಲಲ್ಲಿ ಒಬ್ಬನೇ ಕೂತಿದ್ದ. ವಾಮೆ ಗಟ್ಟಿ ಗಂಜಿ, ಕುಟ್ಟಿದ ಮಾಂಸ ತುಂಬಿದ ತಟ್ಟೆ ತಂದು ಅವನ ತೊಡೆಯ ಮೇಲಿಟ್ಟಳು.

"ದನದ್ದೇ ಅಜ್ಜ, ತಿನ್ನು," ಎಂದಳು ಮೆಲ್ಲಗೆ. "ನಾನು ಕೇಳ್ಕೊಂಡೇ ಬಂದೆ."