ಗುರುಶಾಂತಮ್ಮನವರ ಬ್ಯಾರನ್
ಪಿರಿಯಾಪಟ್ಟಣದಲ್ಲಿ ಆಗೆಲ್ಲ ಬೀದಿಪಾಲಾದ ನಾಯಿ, ಬೆಕ್ಕುಗಳಿಗೆ ಗುರುಶಾಂತಮ್ಮನವರ ಬ್ಯಾರನ್, ಅಂದರೆ ಹಿಂದೆ ಹೊಗೆಸೊಪ್ಪು ಹದ ಮಾಡುತ್ತಿದ್ದ ಹಳೆಯ ಕಟ್ಟಡವೇ ಆಸರೆ. ಅಕ್ಕಪಕ್ಕದವರು ಸರದಿಯಂತೆ ಅನ್ನ, ಹಾಲು ತರುತ್ತಿದ್ದರು. ಗಾಯ ತೊಳೆದು ಅರಿಶಿನ ಮೆತ್ತುವುದು ಮಾತ್ರ ಆಕೆಯೇ. ಮರಿ ಕೇಳಿಕೊಂಡು ಬಂದವರಿಗೆ ಹೆಣ್ಣು ಕೊಡುವವರಂತೆ ವಿಚಾರಣೆ: “ಕಟ್ಟಾಕ್ತೀರೋ, ಬುಟ್ಟಿರ್ತೀರೋ? ಮಳೆ ಬಂದ್ರೆ ಒಳಿಕೆ ಕರ್ಕೋತೀರಾ?” ಕೊಟ್ಟ ಮೇಲೂ ನೆಮ್ಮದಿಯಿಲ್ಲ, ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದರು. ಒಯ್ದವರೆಲ್ಲ ವಾಪಸು ತಂದುಬಿಡುತ್ತಿದ್ದ ಕುಂಟ ನಾಯಿಯೊಂದನ್ನು ಕೊನೆಗೆ ಬಿಳಿಕೆರೆಯ ಟೀ ಅಂಗಡಿಯ ಗೌರೀಶ ಕರೆದೊಯ್ದ. ತಿಂಗಳು ಕಳೆದು ಆಕೆ ಹೋದಾಗ ಅದು ಓಡಿಬಂದು ಕಾಲು ನೆಕ್ಕಿತು. ಆದರೆ ಆಕೆ ಹೊಸ್ತಿಲು ದಾಟಹೋದೊಡನೆ ಅಡ್ಡ ನಿಂತು ಗುರ್ರೆಂದಿತು. ಗೌರೀಶ ನಾಚಿ ಅದನ್ನು ಗದರಿದ. “ಬೈಬ್ಯಾಡ ಕಣಪ್ಪ,” ಎಂದರು ಗುರುಶಾಂತಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಇದು ತನ್ನ ಮನೆ ಅಂತ ಅದ್ಕೆ ಗೊತ್ತಾಯ್ತು.”